ಪುಲಿ ಕೆಲಸ ಆದ್ಮೇಲೆ ಎಂಜಿನ್ ನಡುಗ್ತಿದೆ, ಆಯಿಲ್ ಸೋರ್ತಿದೆ: ಎಲ್ಲಿಂದ ಹುಡುಕಬೇಕು?

ಈ ಸಲದ ಮಾತು ವಾಕಡ, ಹಿಂಜವಡಿ ಕಡೆ ಹಳೇ ಕಾರು ಓಡಿಸುವ ನಮ್ಮವರಿಗೆ. ಬೆಲ್ಟೋ ಆಯಿಲ್ ಸೀಲೋ ಬದಲಾಯಿಸೋಕೆ ಎಂಜಿನ್ನಿನ ಮುಂದಿನ ಪುಲಿ ಬಿಚ್ಚಿದ್ದಾರೆ. ಗಾಡಿ ಕೈಗೆ ಬಂತು. ಭೂಮ್ಕರ್ ಚೌಕದ ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೇರಿಂಗ್ ನಡುಗುತ್ತೆ, ಮರುದಿನ ಪಾರ್ಕಿಂಗಿನಲ್ಲಿ ಕಪ್ಪು ಕಲೆ. ಕೇಳಿದರೆ ಮೆಕ್ಯಾನಿಕ್, "ಹೋತಾ ಹೈ ಸಾಬ್, ಸೆಟ್ ಹೋ ಜಾಯೇಗಾ" ಅಂತಾರೆ. ಆಗಲ್ಲ. ಕೆಲಸದ ನಂತರ ಶುರುವಾದ ತೊಂದರೆಯನ್ನು ಮೊದಲು ಕೈ ಹಾಕಿದ ಜಾಗದಲ್ಲೇ ಹುಡುಕಬೇಕು.

ಯಾಕೆ? ಕ್ರ್ಯಾಂಕ್ ಪುಲಿ ಬರೀ ಬೆಲ್ಟ್ ತಿರುಗಿಸುವ ಚಕ್ರ ಅಲ್ಲ. ಬಹಳಷ್ಟು ಕಾರುಗಳಲ್ಲಿ ಅದರ ಒಳಭಾಗಕ್ಕೂ ಹೊರ ಬಳೆಗೂ ನಡುವೆ ರಬ್ಬರ್ ಇರುತ್ತೆ. ಸಿಲಿಂಡರುಗಳು ಕೊಡುವ ಒಂದೊಂದು ಹೊಡೆತಕ್ಕೂ ಕ್ರ್ಯಾಂಕ್ ತುಸು ತಿರುಚಿಕೊಳ್ಳುತ್ತೆ, ಆ ಅದುರುವಿಕೆಯನ್ನು ಈ ರಬ್ಬರ್ ನುಂಗುತ್ತೆ. ಪುಲಿಯ ಹಿಂದೆಯೇ ಆಯಿಲ್ ಸೀಲ್. ಪುಲಿ ನೆಟ್ಟಗೆ ಕೂರದಿದ್ದರೆ ನಡುಗುವುದರ ಜೊತೆಗೆ ಸೀಲಿನ ಅಂಚನ್ನೂ ತಿನ್ನುತ್ತೆ. ಅಂದರೆ ಎರಡು ದೂರಿಗೆ ಕಾರಣ ಒಂದೇ ಇರಬಹುದು.

ಈಗ ಕ್ರಮವಾಗಿ, ಖರ್ಚಿಲ್ಲದ್ದು ಮೊದಲು.

ಒಂದು: ಎಂಜಿನ್ ಆಫ್ ಮಾಡಿ, ಪುಲಿಯ ಒಳಭಾಗದಿಂದ ಹೊರ ಬಳೆಯವರೆಗೆ ಚಾಕ್‌ಪೀಸಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಸ್ವಲ್ಪ ಓಡಿಸಿ ಮತ್ತೆ ನೋಡಿ. ಗೆರೆ ತುಂಡಾಗಿದ್ದರೆ ರಬ್ಬರ್ ಜಾರಿದೆ, ಪುಲಿಯನ್ನೇ ಬದಲಿಸಬೇಕು. ಎಂಜಿನ್ ಓಡುವಾಗ ಕೈ, ಬಟ್ಟೆ ದೂರವಿಟ್ಟು ಪಕ್ಕದಿಂದ ಫೋನಿನಲ್ಲಿ ಸ್ಲೋ ಮೋಷನ್ ತೆಗೆಯಿರಿ. 800 ಆರ್‌ಪಿಎಂನಲ್ಲಿ ಪುಲಿ ಸೆಕೆಂಡಿಗೆ ಸುಮಾರು 13 ಸುತ್ತು ಹಾಕುತ್ತೆ. 240 ಫ್ರೇಮಿನ ವಿಡಿಯೋದಲ್ಲಿ ಒಂದು ಸುತ್ತಿಗೆ 18 ಫ್ರೇಮ್ ಸಿಗುತ್ತೆ. ಪುಲಿ ಓಲಾಡಿದರೆ ಗೊತ್ತಾಗದೇ ಇರಲ್ಲ.

ಎರಡು: ಮೆಕ್ಯಾನಿಕ್ ಕೈಲಿ ಹೊರಗಿನ ಬೆಲ್ಟ್ ತೆಗೆಸಿ, ಅರ್ಧ ನಿಮಿಷ ಮಾತ್ರ ಎಂಜಿನ್ ಓಡಿಸಿ. ಟೈಮಿಂಗ್ ಬೆಲ್ಟ್ ಮುಟ್ಟಬಾರದು. ನಡುಕ ನಿಂತರೆ ದೋಷ ಆಲ್ಟರ್ನೇಟರ್, ಏಸಿ ಕಂಪ್ರೆಸರ್, ಟೆನ್ಷನರ್ ಕಡೆ. ನಿಲ್ಲದಿದ್ದರೆ ಎಂಜಿನ್ ಮೌಂಟಿಂಗ್ ನೋಡಿ. ಪುಲಿಗೆ ಜಾಗ ಮಾಡಲು ಪಕ್ಕದ ಮೌಂಟಿಂಗನ್ನೂ ಎಷ್ಟೋ ಸಲ ಬಿಚ್ಚುತ್ತಾರೆ. ಎಳೆದು ಕೂರಿಸಿ ಬಿಗಿದಿದ್ದರೆ ಐಡ್ಲಿಂಗಿನಲ್ಲಿ ನಡುಕ ಬರುತ್ತೆ. ಚೆಕ್ ಎಂಜಿನ್ ದೀಪ ಹತ್ತಿದ್ದರೆ, ಸ್ಟಾರ್ಟ್ ಆಗೋಕೆ ಒದ್ದಾಡುತ್ತಿದ್ದರೆ ಟೈಮಿಂಗ್ ತಪ್ಪಿರಬಹುದು. ಆಗ ಗಾಡಿ ಓಡಿಸಬೇಡಿ.

ಮೂರು: ಸೋರಿಕೆ. ತೊಟ್ಟಿಕ್ಕುವ ಜಾಗ ನೋಡಬೇಡಿ, ಆಯಿಲ್ ಕೆಳಗಿಳಿಯುತ್ತೆ, ಗಾಳಿಗೆ ಹಿಂದೆ ಹೋಗುತ್ತೆ. ಎಲ್ಲಾ ಒರೆಸಿ, ಒಣಗಿದ ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಹದಿನೈದು ನಿಮಿಷ ಓಡಿಸಿ ಟಾರ್ಚ್ ಹಿಡಿಯಿರಿ. ಒದ್ದೆಯಾದ ಅತಿ ಮೇಲಿನ ಜಾಗವೇ ಮೂಲ. ಪುಲಿಯ ಹಿಂದಿನಿಂದ ಸುತ್ತಲೂ ಚಿಮ್ಮಿದ್ದರೆ ಸೀಲ್. ಕವರಿನ ಜೋಡಣೆಯ ಗೆರೆಯುದ್ದಕ್ಕೂ ಇದ್ದರೆ ಟೈಮಿಂಗ್ ಕವರಿನ ಗಮ್. ಮೇಲಿಂದ ಇಳಿದಿದ್ದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್, ಅದಕ್ಕೂ ಪುಲಿಗೂ ಸಂಬಂಧ ಇಲ್ಲ.

ಹೊಸ ಸೀಲೂ ಸೋರಿದರೆ "ಮಾಲ್ ಡೂಪ್ಲಿಕೇಟ್" ಅಂದುಬಿಡುವುದು ಸುಲಭ. ಆದರೆ ಸೀಲಿನ ತುಟಿ ಮಡಚಿರಬಹುದು, ಅದು ತಾಗುವ ಲೋಹದ ಮೇಲೆ ಸವೆದ ಗೀರು ಬಿದ್ದಿರಬಹುದು. ಬ್ರೀದರ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡವೇ ಆಯಿಲನ್ನು ಹೊರಗೆ ತಳ್ಳುತ್ತೆ. ಇವನ್ನು ನೋಡದೆ ಮೂರನೇ ಸೀಲ್ ಹಾಕಿಸಿದರೆ ದುಡ್ಡು ದಂಡ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಪುಲಿಯ ನಡುವಿನ ಬೋಲ್ಟ್. ಅದನ್ನು ಕಂಪನಿ ಹೇಳಿದ ಟಾರ್ಕ್‌ಗೇ ಬಿಗಿಯಬೇಕು. ಗನ್ನಿನಲ್ಲಿ ಅಂದಾಜಿಗೆ ಹೊಡೆದರೆ ಸಾಲದು. ಎಷ್ಟೋ ಎಂಜಿನ್ನುಗಳಲ್ಲಿ ಬಿಚ್ಚಿದ ಮೇಲೆ ಹೊಸ ಬೋಲ್ಟೇ ಹಾಕಬೇಕು. ಸಡಿಲವಾದರೆ ಕೀ, ಕ್ರ್ಯಾಂಕಿನ ತುದಿ ಎರಡೂ ಹಾಳಾಗುತ್ತೆ. ಕೆಲವು ಫೋರ್ಡ್ ಎಂಜಿನ್ನುಗಳಲ್ಲಿ ಕೀ ಇರುವುದೇ ಇಲ್ಲ, ಟೈಮಿಂಗ್ ನಿಂತಿರುವುದೇ ಬೋಲ್ಟಿನ ಬಿಗಿಯ ಮೇಲೆ. ಗ್ಯಾರೇಜಿನಲ್ಲಿ ಎರಡೇ ಪ್ರಶ್ನೆ ಕೇಳಿ: ಬೋಲ್ಟ್ ಹೊಸದಾ? ಟಾರ್ಕ್ ರೆಂಚ್ ಹಾಕಿದ್ರಾ?

ಹಬ್ಬಕ್ಕೆ ಬೆಳಗಾವಿ, ಹುಬ್ಬಳ್ಳಿಗೆ ಹೊರಡೋರು ಇದನ್ನು ವಾಕಡದಲ್ಲೇ ಮುಗಿಸಿಕೊಳ್ಳಿ. ಆಯಿಲ್ ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತೆ, ಚಾರ್ಜಿಂಗ್ ಹೋಗುತ್ತೆ, ಕೆಲವು ಗಾಡಿಗಳಲ್ಲಿ ವಾಟರ್ ಪಂಪೂ ನಿಲ್ಲುತ್ತೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಖಂಬಾಟಕಿ ಘಾಟಿನ ಏರಿನಲ್ಲಿ ಎಂಜಿನ್ ಕಾಯಬಾರದು ಅಲ್ವಾ? ನಿಮ್ಮ ಗಾಡಿ ಯಾವುದು, ಯಾವ ಕೆಲಸದ ನಂತರ ಶುರುವಾಯ್ತು ಅಂತ ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.