ಸಮವಸ್ತ್ರಕ್ಕೊಂದು ರಿಯಾಯಿತಿ: ವಿಹಾರ ನೌಕೆಗಳ ದರನೀತಿಯಲ್ಲಿ ವರ್ತಕರಿಗಿರುವ ಪಾಠ

ಸ್ವಾತಂತ್ರ್ಯ ದಿನಾಚರಣೆ ಹಾಗೂ ಗಣರಾಜ್ಯೋತ್ಸವಗಳು ಸಮೀಪಿಸುತ್ತಿದ್ದಂತೆ ನಗರಗಳ ಅನೇಕ ಮಳಿಗೆಗಳ ಮುಂದೆ ಯೋಧರಿಗೆ, ಮಾಜಿ ಸೈನಿಕರಿಗೆ, ಆರಕ್ಷಕರಿಗೆ ವಿಶೇಷ ರಿಯಾಯಿತಿ ಎಂಬ ಫಲಕಗಳು ಕಾಣಿಸಿಕೊಳ್ಳುತ್ತವೆ. ಸಮಾಜವನ್ನು ಕಾಯುವವರಿಗೆ ವರ್ತಕ ಸಮುದಾಯವು ಸಲ್ಲಿಸುವ ಗೌರವವೆಂಬ ದೃಷ್ಟಿಯಿಂದ ಇದು ಸ್ವಾಗತಾರ್ಹವೇ ಸರಿ. ಆದರೆ ಹೀಗೆ ಬಿಟ್ಟುಕೊಟ್ಟ ಹಣ ಯಾವ ಬಾಬ್ತಿನಿಂದ ಹೋಯಿತು, ಅದರಿಂದ ವ್ಯಾಪಾರಕ್ಕೆ ಮರಳಿ ಬಂದುದೇನು ಎಂಬ ಲೆಕ್ಕವನ್ನು ಇಡುವವರು ವಿರಳ. ಈ ಲೆಕ್ಕವನ್ನು ಅತ್ಯಂತ ಕಟ್ಟುನಿಟ್ಟಾಗಿ ಇಡುವ ಉದ್ಯಮವೊಂದಿದೆ. ಅದು ಅಮೆರಿಕದ ವಿಹಾರ ನೌಕೋದ್ಯಮ. ಕ್ರೂಸ್ ಎಂದು ಕರೆಯಲಾಗುವ ಈ ಸಮುದ್ರಯಾನಗಳಲ್ಲಿ ಸೈನಿಕರು, ಆರಕ್ಷಕರು, ಅಗ್ನಿಶಾಮಕರು ಮುಂತಾದ ವೃತ್ತಿಗಳವರಿಗೆ ಪ್ರತ್ಯೇಕ ದರ ನೀಡುವ ಪದ್ಧತಿ ರೂಢಿಯಲ್ಲಿದೆ. ಅದರ ಒಳಗುಟ್ಟನ್ನು ಅರಿತರೆ ನಮ್ಮ ಸಣ್ಣ ವರ್ತಕರೂ ಕಿರು ಉತ್ಪಾದಕರೂ ತಮ್ಮ ರಿಯಾಯಿತಿಗಳನ್ನು ಮರುಪರಿಶೀಲಿಸಿಕೊಳ್ಳಬಹುದು.

ಖಾಲಿ ಕೋಣೆಯ ಲೆಕ್ಕ

ಫ್ಲಾರಿಡಾ ರಾಜ್ಯದ ಮಯಾಮಿ ನಗರವು ಈ ಉದ್ಯಮದ ಕೇಂದ್ರ. 1966ರಲ್ಲಿ ನಾರ್ವೇಜಿಯನ್, 1968ರಲ್ಲಿ ರಾಯಲ್ ಕೆರಿಬಿಯನ್, 1972ರಲ್ಲಿ ಕಾರ್ನಿವಲ್ ಸಂಸ್ಥೆಗಳು ಸ್ಥಾಪನೆಗೊಂಡ ನಂತರ, ಶ್ರೀಮಂತರಿಗಷ್ಟೇ ಎಟುಕುತ್ತಿದ್ದ ಸಮುದ್ರ ವಿಹಾರವು ಮಧ್ಯಮ ವರ್ಗದ ಕೈಗೂ ನಿಲುಕಿತು. ಉದ್ಯಮದ ಅಂತಾರಾಷ್ಟ್ರೀಯ ಒಕ್ಕೂಟದ ಲೆಕ್ಕದಂತೆ 2019ರಲ್ಲಿ ಜಗತ್ತಿನಾದ್ಯಂತ 2.97 ಕೋಟಿ ಜನರು ಇಂತಹ ಯಾನ ಕೈಗೊಂಡರು. ಕೋವಿಡ್ ಕಾಲದ ಕುಸಿತದ ಬಳಿಕ 2023ರಲ್ಲಿ ಈ ಸಂಖ್ಯೆ 3.17 ಕೋಟಿಗೆ ಏರಿತು.

2024ರ ಜನವರಿಯಲ್ಲಿ ಮಯಾಮಿಯಿಂದ ಯಾನ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ನೌಕೆಯಲ್ಲಿ ಕೋಣೆಗೆ ಇಬ್ಬರಂತೆ 5,610 ಪ್ರಯಾಣಿಕರಿಗೆ ಸ್ಥಳವಿದೆ; ಸಿಬ್ಬಂದಿಯ ಸಂಖ್ಯೆ ಸುಮಾರು 2,350. ನೌಕೆ ತುಂಬಿರಲಿ, ಅರ್ಧ ಖಾಲಿಯಿರಲಿ, ಇಂಧನ, ಸಿಬ್ಬಂದಿ ವೇತನ, ಸಾಲದ ಬಡ್ಡಿ, ವಿಮೆ ಇವಾವುವೂ ಹೆಚ್ಚು ಕಡಿಮೆಯಾಗುವುದಿಲ್ಲ. ಹೆಚ್ಚುವರಿ ಪ್ರಯಾಣಿಕನೊಬ್ಬನಿಂದ ಏರುವುದು ಊಟೋಪಚಾರದಂತಹ ಅಲ್ಪ ವೆಚ್ಚ ಮಾತ್ರ. ನೌಕೆ ಬಂದರು ಬಿಟ್ಟ ಮರುಕ್ಷಣವೇ ಖಾಲಿ ಕೋಣೆಯ ಬೆಲೆ ಸೊನ್ನೆ. ಅದನ್ನು ದಾಸ್ತಾನಿನಲ್ಲಿಟ್ಟು ಮುಂದಿನ ತಿಂಗಳು ಮಾರುವಂತಿಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ನೌಕಾ ಸಂಸ್ಥೆಯ ಆದಾಯವೆಲ್ಲವೂ ಟಿಕೆಟ್ಟಿನಿಂದ ಬರುವುದಲ್ಲ. ಕಾರ್ನಿವಲ್ ಸಮೂಹದ 2023ರ ಒಟ್ಟು ಆದಾಯ ಸುಮಾರು 2,160 ಕೋಟಿ ಡಾಲರ್. ಅದರಲ್ಲಿ ಸುಮಾರು 750 ಕೋಟಿ ಡಾಲರ್ ಬಂದುದು ಪಾನೀಯ, ಜೂಜುಕಟ್ಟೆ, ಅಂಗಡಿ, ತೀರ ಪ್ರವಾಸ ಇತ್ಯಾದಿ ಬಾಬ್ತುಗಳಿಂದ. ಅಂದರೆ ಟಿಕೆಟ್ಟಿನ ಪ್ರತಿ 100 ಡಾಲರಿಗೆ ಇತರ ಮೂಲಗಳಿಂದ 50ಕ್ಕೂ ಹೆಚ್ಚು ಡಾಲರ್ ಸೇರುತ್ತದೆ. ಟಿಕೆಟ್ಟಿನಲ್ಲಿ ಬಿಟ್ಟುಕೊಟ್ಟದ್ದನ್ನು ನೌಕೆಯೊಳಗೆ ಮರಳಿ ಪಡೆಯುವ ದಾರಿ ಸದಾ ತೆರೆದಿರುತ್ತದೆ.

ಈ ವೃತ್ತಿಗಳೇ ಏಕೆ?

ಒಂದೇ ಸರಕನ್ನು ಬೇರೆ ಬೇರೆ ವರ್ಗದವರಿಗೆ ಬೇರೆ ಬೇರೆ ಬೆಲೆಗೆ ಮಾರುವ ಕ್ರಮವನ್ನು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಲ್ಲಿಯೇ ವಿವೇಚಿಸಿ, ಅದಕ್ಕೆ ಮೂರನೆಯ ದರ್ಜೆಯ ಬೆಲೆ ತಾರತಮ್ಯವೆಂದು ಹೆಸರಿಟ್ಟರು. ಇದು ಫಲಿಸಬೇಕಾದರೆ ಕಡಿಮೆ ಬೆಲೆಯ ವರ್ಗವನ್ನು ಖಚಿತವಾಗಿ ಗುರುತಿಸುವಂತಿರಬೇಕು. ಆ ವರ್ಗದವರು ಕೊಂಡದ್ದನ್ನು ಇತರರಿಗೆ ಮಾರುವಂತಿರಬಾರದು. ಬೆಲೆ ಇಳಿದಾಗ ಆ ವರ್ಗದಿಂದ ಹೊಸ ಗಿರಾಕಿಗಳು ಬರುವಂತಿರಬೇಕು.

ವಿಹಾರ ನೌಕೆಯ ಟಿಕೆಟ್ಟು ಹೆಸರಿಗೆ ಬರೆದದ್ದಾದುದರಿಂದ ಮರುಮಾರಾಟದ ಭಯವಿಲ್ಲ. ಸೈನಿಕರು, ಆರಕ್ಷಕರು, ಅಗ್ನಿಶಾಮಕರ ಬಳಿ ಸರ್ಕಾರಿ ಗುರುತಿನ ಚೀಟಿಯಿರುತ್ತದೆ. ಇವರದು ಸ್ಥಿರವಾದ ಆದಾಯ, ಆದರೆ ದೊಡ್ಡ ಆದಾಯವಲ್ಲ. ಬೆಲೆಯ ಅಂತರ ಇವರ ನಿರ್ಧಾರವನ್ನು ಬದಲಿಸಬಲ್ಲದು. ಅಮೆರಿಕದ ಅನೇಕ ಅಗ್ನಿಶಾಮಕ ಠಾಣೆಗಳಲ್ಲಿ 24 ಗಂಟೆಗಳ ಪಾಳಿಯ ನಂತರ 48 ಗಂಟೆಗಳ ಬಿಡುವು ನೀಡುವ ಪದ್ಧತಿಯಿದೆ. ಇಂತಹವರು ವಾರದ ನಡುವೆ ಅಥವಾ ಜನಸಂದಣಿಯಿಲ್ಲದ ತಿಂಗಳುಗಳಲ್ಲಿ ಹೊರಡಬಲ್ಲರು. ಸೇನೆಯಲ್ಲಿ 20 ವರ್ಷ ಸೇವೆ ಪೂರೈಸಿದವರು ನಲವತ್ತರ ಆಸುಪಾಸಿನಲ್ಲೇ ನಿವೃತ್ತಿ ವೇತನಕ್ಕೆ ಅರ್ಹರಾಗುತ್ತಾರೆ. ಕೋಣೆಗಳು ಖಾಲಿ ಉಳಿಯುವ ಕಾಲಕ್ಕೂ ಇವರ ಬಿಡುವಿಗೂ ತಾಳೆಯಾಗುತ್ತದೆ.

ಭೌಗೋಳಿಕ ಅನುಕೂಲವೂ ಇದೆ. ಜಗತ್ತಿನ ಅತಿ ದೊಡ್ಡ ನೌಕಾನೆಲೆಯಿರುವ ನಾರ್ಫೋಕ್, ನೌಕಾಪಡೆಯ ನೆಲೆಗಳಿರುವ ಜಾಕ್ಸನ್‌ವಿಲ್ ಮತ್ತು ಸ್ಯಾನ್ ಡಿಯಾಗೊ ಇವೆಲ್ಲವೂ ವಿಹಾರ ನೌಕೆಗಳ ಬಂದರುಗಳೂ ಹೌದು. ಮನೆಯಿಂದ ಕಾರಿನಲ್ಲೇ ಬಂದರು ತಲುಪುವ ಗಿರಾಕಿಗೆ ವಿಮಾನದ ಖರ್ಚು ಉಳಿಯುತ್ತದೆ. ಆತ ತನ್ನೊಂದಿಗೆ ಕುಟುಂಬವನ್ನೂ ಸಹೋದ್ಯೋಗಿಗಳನ್ನೂ ಕರೆತರುತ್ತಾನೆ.

ರಿಯಾಯಿತಿಯ ಬಗೆಗಳು

ರಾಯಲ್ ಕೆರಿಬಿಯನ್ ಆಯ್ದ ಯಾನಗಳಲ್ಲಿ ಸೈನಿಕರಿಗೂ ಆರಕ್ಷಕ ಮತ್ತು ಅಗ್ನಿಶಾಮಕ ಸಿಬ್ಬಂದಿಗೂ ಪ್ರತ್ಯೇಕ ದರಗಳನ್ನು ಪ್ರಕಟಿಸುತ್ತ ಬಂದಿದೆ. ನಾರ್ವೇಜಿಯನ್ ತನ್ನ ಸೇನಾ ಗೌರವ ಯೋಜನೆಯಲ್ಲಿ ಟಿಕೆಟ್ ದರದ ಮೇಲೆ ಶೇ. 10ರ ಕಡಿತ ನೀಡಿದೆ. ಪ್ರಿನ್ಸೆಸ್ ಸಂಸ್ಥೆಯ ದಾರಿ ಬೇರೆ. ಅದು ಟಿಕೆಟ್ ದರವನ್ನು ಮುಟ್ಟದೆ, ಸೇನಾ ಸಿಬ್ಬಂದಿಗೆ ನೌಕೆಯೊಳಗೆ ಮಾತ್ರ ಖರ್ಚು ಮಾಡಬಹುದಾದ 250 ಡಾಲರುಗಳವರೆಗಿನ ಮೊತ್ತವನ್ನು ಅವರ ಖಾತೆಗೆ ಜಮೆ ಮಾಡುವ ಕ್ರಮವನ್ನು ಅನುಸರಿಸಿದೆ. ಗಿರಾಕಿಗೆ 250 ಡಾಲರಿನ ಸಂತೋಷ. ಸಂಸ್ಥೆಗೆ ತಗಲುವುದು ಸರಕಿನ ಅಸಲು ಮಾತ್ರ. ನಮ್ಮ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಉಪಾಯವಿದು.

ಈ ದರಗಳಿಗೆ ಷರತ್ತುಗಳೂ ಉಂಟು. ಅವು ಎಲ್ಲ ಯಾನಗಳಿಗೆ ಅನ್ವಯಿಸುವುದಿಲ್ಲ. ಕೋಣೆಗಳು ಚೆನ್ನಾಗಿ ಮಾರಾಟವಾಗುತ್ತಿದ್ದರೆ ವಿಶೇಷ ದರವೇ ಮಾಯವಾಗುತ್ತದೆ. ಬಂದರು ಶುಲ್ಕ ಹಾಗೂ ತೆರಿಗೆಗಳ ಮೇಲೆ ಕಡಿತವಿರುವುದಿಲ್ಲ. ಬೇರೆ ರಿಯಾಯಿತಿಗಳೊಂದಿಗೆ ಸೇರಿಸಿ ಪಡೆಯಲು ಹಲವು ಬಾರಿ ಅವಕಾಶವಿರುವುದಿಲ್ಲ. ಅರ್ಹ ವ್ಯಕ್ತಿ ಕೋಣೆಯಲ್ಲಿ ತಾನೇ ಪ್ರಯಾಣಿಸಬೇಕು, ದಾಖಲೆ ತೋರಿಸಬೇಕು.

ಗುರುತು ಕೇಳುವ ಕಷ್ಟ

ದಾಖಲೆ ಕೇಳುವುದು ಸುಲಭವೆಂದು ತೋರಿದರೂ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ. ಅಮೆರಿಕದ ಮಾಜಿ ಸೈನಿಕರು ಬಹುಕಾಲ ‘ಡಿಡಿ 214’ ಎಂಬ ಸೇವಾ ಬಿಡುಗಡೆ ಪತ್ರವನ್ನು ತೋರಿಸಬೇಕಾಗಿತ್ತು. ಅದರಲ್ಲಿ ವ್ಯಕ್ತಿಯ ಸಾಮಾಜಿಕ ಭದ್ರತಾ ಸಂಖ್ಯೆಯಂತಹ ಗೋಪ್ಯ ವಿವರಗಳಿರುತ್ತಿದ್ದವು. ಚಿಕ್ಕ ರಿಯಾಯಿತಿಗಾಗಿ ಅಂತಹ ಪತ್ರವನ್ನು ಕಂಡ ಕಂಡ ಅಂಗಡಿಗಳಲ್ಲಿ ಬಿಚ್ಚಿಡುವುದು ಅಪಾಯಕರವೆಂಬ ಕಾರಣದಿಂದ 2015ರಲ್ಲಿ ಪ್ರತ್ಯೇಕ ಕಾನೂನು ರೂಪಿಸಿ ಮಾಜಿ ಸೈನಿಕರಿಗೆ ಸರಳ ಗುರುತಿನ ಚೀಟಿ ನೀಡಲು ನಿರ್ಧರಿಸಲಾಯಿತು. 2017ರ ನವೆಂಬರಿನಲ್ಲಿ ಅರ್ಜಿ ಸ್ವೀಕಾರ ಆರಂಭವಾಯಿತು. ಇದೇ ಅಗತ್ಯದಿಂದ ಖಾಸಗಿ ಪರಿಶೀಲನಾ ಸಂಸ್ಥೆಗಳೂ ಬೆಳೆದವು. 2010ರಲ್ಲಿ ಸೇನೆಯ ಮಾಜಿ ಅಧಿಕಾರಿಯೊಬ್ಬರು ಬೇರೆ ಹೆಸರಿನಲ್ಲಿ ಆರಂಭಿಸಿದ ‘ಐಡಿ ಡಾಟ್ ಮಿ’ ಸಂಸ್ಥೆ, ಗಿರಾಕಿಯ ದಾಖಲೆಯನ್ನು ತಾನು ಪರಿಶೀಲಿಸಿ, ಮಾರಾಟಗಾರನಿಗೆ ಅರ್ಹತೆಯನ್ನು ಮಾತ್ರ ದೃಢಪಡಿಸುತ್ತದೆ. ಬ್ರಿಟನ್ನಿನಲ್ಲಿ 2008ರಲ್ಲಿ ಆರಂಭವಾದ ‘ಬ್ಲೂ ಲೈಟ್ ಕಾರ್ಡ್’ ಆರಕ್ಷಕ, ಅಗ್ನಿಶಾಮಕ, ಆಂಬ್ಯುಲೆನ್ಸ್ ಮತ್ತು ಆರೋಗ್ಯ ಸಿಬ್ಬಂದಿಗೆ ಇಂತಹದೇ ಸೇವೆ ನೀಡುತ್ತಿದೆ.

ಯಾರನ್ನು ಸೇರಿಸಬೇಕು ಎಂಬುದೂ ಸರಳವಲ್ಲ. 2020ರ ಅಂದಾಜಿನಂತೆ ಅಮೆರಿಕದ 10 ಲಕ್ಷಕ್ಕೂ ಅಧಿಕ ಅಗ್ನಿಶಾಮಕರಲ್ಲಿ ಸುಮಾರು ಮೂರನೆಯ ಎರಡು ಪಾಲು ವೇತನವಿಲ್ಲದ ಸ್ವಯಂಸೇವಕರು. ಅವರನ್ನು ಹೊರಗಿಟ್ಟರೆ ಗೌರವದ ಮಾತು ಪೊಳ್ಳಾಗುತ್ತದೆ. ಒಳಗೊಂಡರೆ ದಾಖಲೆಯ ಪ್ರಶ್ನೆ ಏಳುತ್ತದೆ. ಅರ್ಹತೆಯ ಗೆರೆಯನ್ನು ಮೊದಲೇ ಸ್ಪಷ್ಟವಾಗಿ ಎಳೆಯದ ವ್ಯಾಪಾರಿಯು, ಗೌರವಿಸಬೇಕಾದ ವ್ಯಕ್ತಿಯನ್ನೇ ಗಲ್ಲಾಪೆಟ್ಟಿಗೆಯ ಮುಂದೆ ಮುಜುಗರಕ್ಕೀಡು ಮಾಡುವ ಸಂಭವವಿದೆ.

ನೌಕೆಯ ಲಾಭ, ಅಂಗಡಿಯ ನಷ್ಟ

ಈಗ ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ತಲಾ 1,000 ಡಾಲರ್ ಟಿಕೆಟ್ಟಿನ ಯಾನವೊಂದಕ್ಕೆ ಶೇ. 10ರ ವೃತ್ತಿ ರಿಯಾಯಿತಿಯಲ್ಲಿ 10 ದಂಪತಿಗಳು ಬಂದರೆಂದುಕೊಳ್ಳೋಣ. ಅವರಲ್ಲಿ 8 ದಂಪತಿಗಳು ರಿಯಾಯಿತಿ ಇಲ್ಲದಿದ್ದರೂ ಬರುತ್ತಿದ್ದವರೇ. ಅವರಿಗೆ ಬಿಟ್ಟುಕೊಟ್ಟದ್ದು ತಲಾ 200ರಂತೆ 1,600 ಡಾಲರ್. ಇದು ನೇರ ನಷ್ಟ. ಉಳಿದ 2 ದಂಪತಿಗಳು ಹೊಸಬರು. ಖಾಲಿ ಉಳಿಯಲಿದ್ದ ಕೋಣೆಗಳಿಗೆ ಅವರಿಂದ ಬಂದದ್ದು 3,600 ಡಾಲರ್. ಊಟೋಪಚಾರ, ಏಜೆಂಟರ ಕಮಿಷನ್ ಕಳೆದರೂ ನೌಕೆಯೊಳಗಿನ ಖರ್ಚು ಸೇರಿದಾಗ ಸಂಸ್ಥೆಗೆ ಲಾಭವೇ.

ಇದೇ ಯೋಜನೆಯನ್ನು ನಮ್ಮ ಊರಿನ ಅಂಗಡಿಯೊಂದು ಅನುಸರಿಸಿತೆಂದುಕೊಳ್ಳೋಣ. ಸರಕಿನ ಮಾರಾಟ ಬೆಲೆ 100 ರೂಪಾಯಿ, ಅಸಲು 85 ರೂಪಾಯಿ. ಶೇ. 10ರ ರಿಯಾಯಿತಿಯಲ್ಲಿ ಹಳೆಯ 8 ಗಿರಾಕಿಗಳಿಗೆ ಬಿಟ್ಟದ್ದು 80 ರೂಪಾಯಿ. ಹೊಸ ಇಬ್ಬರಿಂದ ದೊರೆತದ್ದು ತಲಾ 5ರಂತೆ 10 ರೂಪಾಯಿ. ಒಟ್ಟು 70 ರೂಪಾಯಿ ನಷ್ಟ. ಮೊದಲಿನ ಲಾಭವನ್ನು ಉಳಿಸಿಕೊಳ್ಳಲು ಈ ವರ್ಗಕ್ಕೆ ಆತ ಮೂರು ಪಟ್ಟು ಮಾರಾಟ ಮಾಡಬೇಕು. ರಿಯಾಯಿತಿಯ ಪ್ರಮಾಣ ಒಂದೇ, ಗಿರಾಕಿಗಳ ಸಂಖ್ಯೆಯೂ ಒಂದೇ. ಆದರೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಕಾರಣವಿಷ್ಟೆ: ನೌಕೆಯವರು ಮಾರಿದ್ದು ಹಾಳಾಗಿ ಹೋಗಲಿದ್ದ ಸ್ಥಳವನ್ನು, ಅಂಗಡಿಯವರು ಮಾರಿದ್ದು ನಾಳೆಯೂ ಪೂರ್ಣ ಬೆಲೆಗೆ ಹೋಗಬಹುದಾಗಿದ್ದ ಸರಕನ್ನು.

ನಷ್ಟವನ್ನು ತಪ್ಪಿಸಿಕೊಳ್ಳಲು ಕೆಲವರು ಮೊದಲು ಬೆಲೆ ಏರಿಸಿ ಆಮೇಲೆ ರಿಯಾಯಿತಿ ಕೊಡುವುದುಂಟು. ವಿಹಾರ ನೌಕೆಗಳ ವಿಷಯದಲ್ಲೂ ಜನವರಿಯಿಂದ ಮಾರ್ಚ್‌ವರೆಗಿನ ಮುಂಗಡ ಕಾಯ್ದಿರಿಸುವಿಕೆಯ ಋತುವಿನಲ್ಲಿ ಸಾರ್ವಜನಿಕರಿಗೆ ದೊರೆಯುವ ಕೊಡುಗೆಯೇ ಕೆಲವೊಮ್ಮೆ ವೃತ್ತಿ ದರಕ್ಕಿಂತ ಅಗ್ಗವಾಗಿರುತ್ತದೆ. ಅನುಭವಿ ಪ್ರಯಾಣಿಕರು ಎರಡನ್ನೂ ಹೋಲಿಸಿ ನೋಡಿಯೇ ಕೊಳ್ಳುತ್ತಾರೆ. ಗೌರವದ ಹೆಸರಿನಲ್ಲಿ ಕೊಟ್ಟದ್ದು ಗೌರವವಲ್ಲವೆಂದು ತಿಳಿದ ದಿನ ಕಳೆದುಹೋಗುವುದು ಒಬ್ಬ ಗಿರಾಕಿಯಲ್ಲ. ಒಂದು ಇಡೀ ಠಾಣೆಯ, ಒಂದು ಇಡೀ ಪಡೆಯ ವಿಶ್ವಾಸ.

ಕರ್ನಾಟಕದ ಸಂದರ್ಭ

ಭಾರತದಲ್ಲಿ ಸೈನಿಕರ ರಿಯಾಯಿತಿಯೆಂದರೆ ಮೊದಲು ನೆನಪಾಗುವುದು 1948ರಲ್ಲಿ ಆರಂಭವಾದ ಕ್ಯಾಂಟೀನ್ ಸ್ಟೋರ್ಸ್ ಇಲಾಖೆ. ಕೇಂದ್ರೀಯ ಪೊಲೀಸ್ ಪಡೆಗಳಿಗೂ 2006ರಲ್ಲಿ ಇಂತಹದೇ ಕ್ಯಾಂಟೀನ್ ವ್ಯವಸ್ಥೆ ಬಂತು. ಸೇನಾ ಕ್ಯಾಂಟೀನಿನ ಅಗ್ಗದ ಬೆಲೆಗೆ ಸಗಟು ಖರೀದಿಯ ಜೊತೆಗೆ, ಸರಕು ಮತ್ತು ಸೇವಾ ತೆರಿಗೆಯ ಅರ್ಧಭಾಗವನ್ನು ಸರ್ಕಾರ ಬಿಟ್ಟುಕೊಟ್ಟಿರುವುದೂ ಕಾರಣ. ಅಂಗಡಿಯ ವರ್ತಕನಿಗೆ ಅಂತಹ ಆಸರೆಯಿಲ್ಲ. ಸೋಪು, ಮಿಕ್ಸರ್‌ಗಳ ಬೆಲೆಯಲ್ಲಿ ಕ್ಯಾಂಟೀನಿನೊಡನೆ ಪೈಪೋಟಿಗಿಳಿಯುವುದು ಆತನಿಗೆ ವ್ಯರ್ಥ ಪ್ರಯಾಸ.

ಹಾಗೆಂದು ಈ ಗಿರಾಕಿ ವರ್ಗವನ್ನು ಕಡೆಗಣಿಸುವಂತಿಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರವಿದೆ, ಬೀದರಿನಲ್ಲಿ ವಾಯುನೆಲೆಯಿದೆ, ಕಾರವಾರದ ಬಳಿ 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು, ಕೊಡಗಿನಲ್ಲಿ ಮಾಜಿ ಸೈನಿಕರ ಕುಟುಂಬಗಳು ಹೇರಳ. ನಾರ್ಫೋಕಿನಲ್ಲಿ ನೌಕಾ ಸಂಸ್ಥೆಗಳಿಗೆ ದೊರೆತ ನೆರೆಹೊರೆ ಈ ಊರುಗಳ ವರ್ತಕರಿಗೂ ದೊರೆತಿದೆ.

ಇಲ್ಲಿ ನೌಕೆಯ ಲೆಕ್ಕ ಹೊಂದುವುದು ಖಾಲಿ ಉಳಿದರೆ ಹಾಳಾಗುವ ವ್ಯವಹಾರಗಳಿಗೆ. ವಸತಿಗೃಹ ಮತ್ತು ಹೋಂಸ್ಟೇಗಳ ವಾರದ ನಡುವಿನ ಕೋಣೆಗಳು, ಖಾಸಗಿ ಬಸ್ಸಿನ ಆಸನಗಳು, ವ್ಯಾಯಾಮ ಶಾಲೆ, ಚಾಲನಾ ತರಬೇತಿ, ಕಲ್ಯಾಣ ಮಂಟಪಗಳ ಮುಹೂರ್ತವಿಲ್ಲದ ದಿನಗಳು ಈ ಸಾಲಿಗೆ ಸೇರುತ್ತವೆ. ಕಿರಾಣಿ, ಚಿನ್ನಾಭರಣ, ವಿದ್ಯುನ್ಮಾನ ಉಪಕರಣಗಳಂತಹ ಅಲ್ಪ ಲಾಭಾಂಶದ ವ್ಯಾಪಾರದವರು ಪ್ರಿನ್ಸೆಸ್ ಸಂಸ್ಥೆಯ ದಾರಿಯನ್ನು ಹಿಡಿಯುವುದು ಲೇಸು. ಬೆಲೆಯನ್ನು ಕಡಿಮೆ ಮಾಡದೆ ಉಚಿತವಾಗಿ ಮನೆಗೆ ತಲುಪಿಸುವುದು, ಒಂದು ವರ್ಷದ ಹೆಚ್ಚುವರಿ ದುರಸ್ತಿ ಸೇವೆ, ಹೊಲಿಗೆ ಕೂಲಿಯಲ್ಲಿ ಕಡಿತ, ಮುಂದಿನ ಖರೀದಿಗೆ ಚೀಟಿ ನೀಡುವುದು ಗಿರಾಕಿಗೆ ಹಿತ, ವರ್ತಕನಿಗೆ ಹಗುರ.

ಪಾಲಿಸಬೇಕಾದ ಕೆಲವು ನಿಯಮಗಳು

ಯೋಜನೆ ಆರಂಭಿಸುವವರು ನಾಲ್ಕು ಅಂಶಗಳನ್ನು ಗಮನದಲ್ಲಿಡುವುದು ಒಳಿತು. ಮೊದಲನೆಯದು ತೆರಿಗೆ. ಕೇಂದ್ರ ಜಿಎಸ್‌ಟಿ ಕಾಯ್ದೆ 2017ರ 15(3)ನೆಯ ಕಲಮಿನಂತೆ, ಮಾರಾಟದ ಸಮಯದಲ್ಲಿ ಅಥವಾ ಅದಕ್ಕೆ ಮುನ್ನ ನೀಡಿದ ರಿಯಾಯಿತಿಯನ್ನು ಬಿಲ್ಲಿನಲ್ಲಿ ನಮೂದಿಸಿದ್ದರೆ ಆ ಮೊತ್ತದ ಮೇಲೆ ತೆರಿಗೆ ಕಟ್ಟಬೇಕಾಗಿಲ್ಲ. ಬಾಯಿಮಾತಿನಲ್ಲಿ ಕಡಿಮೆ ಮಾಡಿ ಪೂರ್ಣ ಬೆಲೆಯ ಬಿಲ್ಲು ಹಾಕಿದರೆ ತೆರಿಗೆಯ ಹೊರೆ ವರ್ತಕನ ಮೇಲೆಯೇ ಬೀಳುತ್ತದೆ. ಎರಡನೆಯದು ಜಾಹೀರಾತು. ದಾರಿತಪ್ಪಿಸುವ ಜಾಹೀರಾತುಗಳ ಕುರಿತು 2022ರ ಜೂನ್‌ನಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿಗಳು ಆಮಿಷದ ಜಾಹೀರಾತಿಗೂ ಅನ್ವಯಿಸುವುದರಿಂದ, ಷರತ್ತುಗಳನ್ನು ಫಲಕದಲ್ಲಿಯೇ ಎದ್ದು ಕಾಣುವಂತೆ ಬರೆಯಬೇಕು. ಮೂರನೆಯದು ಗುರುತಿನ ಚೀಟಿ. ಅದನ್ನು ನೋಡಿ ಹಿಂದಿರುಗಿಸಿದರೆ ಸಾಕು. ನೆರಳಚ್ಚು ಪ್ರತಿ ಇಟ್ಟುಕೊಳ್ಳುವುದು ಸಲ್ಲದು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಅಂಗೀಕಾರಗೊಂಡ ಮೇಲಂತೂ ಅನಗತ್ಯ ದಾಖಲೆಗಳ ಸಂಗ್ರಹ ವರ್ತಕನಿಗೇ ತೊಡಕು. ನಾಲ್ಕನೆಯದು ಲೆಕ್ಕ. ರಿಯಾಯಿತಿ ಪಡೆದವರಲ್ಲಿ ಹೊಸಬರೆಷ್ಟು, ಹಳಬರೆಷ್ಟು ಎಂಬುದನ್ನು ಮೂರು ತಿಂಗಳಾದರೂ ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟು, ಅನಂತರ ಮುಂದುವರಿಸುವ ತೀರ್ಮಾನ ಕೈಗೊಳ್ಳಬೇಕು.

ಲೆಕ್ಕ ಹಾಕಿದ ಬಳಿಕ ವ್ಯಾಪಾರದ ದೃಷ್ಟಿಯಿಂದ ಲಾಭವಿಲ್ಲವೆಂದು ಕಂಡರೂ ಕೊಡಬೇಕೆಂಬ ಮನಸ್ಸು ವರ್ತಕನಿಗಿರಬಹುದು. ಅದು ತಪ್ಪಲ್ಲ. ಆಗ ಅದನ್ನು ಮಾರಾಟ ತಂತ್ರವೆಂದು ಭ್ರಮಿಸದೆ, ವರ್ಷಕ್ಕೆ ಇಂತಿಷ್ಟೆಂದು ಮಿತಿ ಹಾಕಿಕೊಂಡು, ದಾನದ ಬಾಬ್ತಿನಲ್ಲಿ ಬರೆದು ಕೊಡುವುದೇ ಸರಿಯಾದ ಕ್ರಮ. ಬೆಂಕಿಗೆ ಹಾರಿದವನಿಗೂ ಗಡಿ ಕಾದವನಿಗೂ ಸಲ್ಲುವ ಗೌರವ ನಿಜವಾದುದಾಗಿರಲಿ. ಅದನ್ನು ಕೊಡುವ ಅಂಗಡಿಯೂ ಮುಂದಿನ ವರ್ಷ ಬಾಗಿಲು ತೆರೆದಿರಲಿ.