ಹಳೆಯ ಕಾರಿನ ಎಂಜಿನ್: ಕೂಡಿಸುವ ಮುನ್ನ ಅಳೆದು ನೋಡಬೇಕು

ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿ ಕಾರು ದಾಸರಹಳ್ಳಿಯ ಮನೆಯಂಗಳದಲ್ಲಿ ಬಹುಕಾಲ ನಿಂತೇ ಇತ್ತು. ಆ ಕಾರಿನ ತಯಾರಿಕೆ ಎಂದೋ ನಿಂತುಹೋಯಿತು. ತಂದೆಯವರು ಕಾಲವಾದ ಮೇಲೆ ಅದನ್ನು ಮಾರಲು ತಾಯಿಯವರು ಒಪ್ಪಲಿಲ್ಲ. ಮತ್ತೊಮ್ಮೆ ಅದೇ ಕಾರಿನಲ್ಲಿ ತಿಪಟೂರಿನ ತವರಿಗೆ ಹೋಗಿಬರಬೇಕೆಂಬುದೊಂದೇ ಅವರ ಆಸೆ. ಎಂಜಿನ್ನಾದರೋ ನೀಲಿ ಹೊಗೆ ಉಗುಳುತ್ತಿತ್ತು. ಪೆಟ್ರೋಲಿಗಿಂತ ಎಣ್ಣೆಯನ್ನೇ ಹೆಚ್ಚು ಕುಡಿಯುತ್ತದೆಂದು ನೆರೆಯವರು ನಗುತ್ತಿದ್ದರು. ಅಣ್ಣತಮ್ಮಂದಿರು ನಾವೇ ಬಿಚ್ಚಿ ಕೂಡಿಸುವುದೆಂದು ನಿಶ್ಚಯಿಸಿದೆವು.

ಬಿಚ್ಚುವುದು ಸುಲಭ. ಕೂಡಿಸುವುದೂ ಪುಸ್ತಕ ನೋಡಿ, ತಾಳ್ಮೆಯಿದ್ದರೆ, ಸಾಧ್ಯ. ಇವೆರಡರ ನಡುವೆ, ರೀಬೋರ್ ಅಂಗಡಿಯಿಂದ ಬಿಡಿಭಾಗಗಳು ಹೊಳೆಯುತ್ತ ಮನೆಗೆ ಮರಳುವ ಒಂದು ಘಟ್ಟವಿದೆ. ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕಿದವರು ಎಡವುವುದು ಅಲ್ಲಿಯೇ. ಹೊಳಪನ್ನು ನೋಡಿ ಎಲ್ಲವೂ ಸರಿಯಾಗಿದೆಯೆಂದು ನಂಬಿಬಿಡುತ್ತೇವೆ.

ನಂಬಿಕೆಗೆ ಕಾರಣವಿಲ್ಲದಿಲ್ಲ. ಪೀಣ್ಯದ ಸುತ್ತಮುತ್ತ ಯಂತ್ರಕೌಶಲಕ್ಕೆ ಬರವಿಲ್ಲ. 1953ರಲ್ಲಿ ಸ್ಥಾಪನೆಗೊಂಡ ಎಚ್‌ಎಂಟಿಯ ಕಾರ್ಖಾನೆ ಪಕ್ಕದ ಜಾಲಹಳ್ಳಿಯಲ್ಲಿಯೇ ಬೆಳೆಯಿತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಬಂದಿತು. ಇಂತಹ ಕಡೆಗಳಲ್ಲಿ ಕೈಪಳಗಿದವರು ಪೀಣ್ಯದ ಅಡ್ಡರಸ್ತೆಗಳಲ್ಲಿ ಒಂದೆರಡು ಯಂತ್ರಗಳನ್ನಿಟ್ಟುಕೊಂಡು ಬಾಳು ಕಟ್ಟಿಕೊಂಡಿದ್ದಾರೆ. ನಾವು ಹೋದ ಅಂಗಡಿಯ ಯಜಮಾನರೂ ಅಂಥವರೇ. ನಾಲ್ಕು ದಶಕಗಳ ಅನುಭವವುಳ್ಳ ಹಿರಿಯರ ಕೆಲಸವನ್ನು ನಾವು ಅಳೆಯುವುದೆಂದರೆ ಅವರನ್ನು ಅನುಮಾನಿಸಿದಂತಲ್ಲವೇ ಎಂಬ ಸಂಕೋಚ ನಮಗಿತ್ತು. ಆ ಸಂಕೋಚವನ್ನು ಕಳೆದವರು ನಿವೃತ್ತ ಟೂಲ್‌ಮೇಕರ್ ಆಗಿರುವ ನಮ್ಮ ನೆರೆಮನೆಯವರು. “ಅಳೆಯದೆ ಕೂಡಿಸಿದರೆ ಮುಂದೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ. ಇಬ್ಬರಿಗೂ ನಷ್ಟ,” ಎಂದು ಹೇಳಿ ತಮ್ಮ ಮೈಕ್ರೋಮೀಟರನ್ನೂ ಬೋರ್ ಗೇಜನ್ನೂ ಕೊಟ್ಟರು.

ಪದ್ಮಿನಿಯ ಎಂಜಿನ್ 1089 ಸಿ.ಸಿ.ಯದು, ನಾಲ್ಕು ಸಿಲಿಂಡರುಗಳು, ಮೂಲ ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಸವೆದ ಬೋರನ್ನು ಓವರ್‌ಸೈಜ್ ಪಿಸ್ಟನ್ನಿಗೆ ತಕ್ಕಂತೆ ಹಿಗ್ಗಿಸಬೇಕು. ಆದುದರಿಂದ ಪಿಸ್ಟನ್ನುಗಳನ್ನು ಮೊದಲೇ ಕೊಂಡು ಬ್ಲಾಕಿನೊಡನೆಯೇ ಅಂಗಡಿಗೆ ಒಪ್ಪಿಸುವುದು ಲೇಸು. ಪೊಟ್ಟಣದ ಮೇಲಿನ ಅಂಕಿಯನ್ನು ನಂಬದೆ, ಪಿಸ್ಟನ್ನಿನ ಕೆಳಭಾಗವಾದ ಸ್ಕರ್ಟನ್ನು ಪಿನ್ನಿಗೆ ಅಡ್ಡಲಾಗಿ ಅಳೆಯಬೇಕು; ತಲೆಯ ಭಾಗ ಚಿಕ್ಕದಾಗಿರುತ್ತದೆ. ಬೋರನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲಿಯೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಬೇಕು. ಮೇಲಕ್ಕೂ ಕೆಳಕ್ಕೂ ವ್ಯತ್ಯಾಸ ಬಂದರೆ ಬೋರ್ ಇಳಿಜಾರಾಗಿದೆಯೆಂದು ಅರ್ಥ. ಉದ್ದಕ್ಕೂ ಅಡ್ಡಕ್ಕೂ ಬಂದರೆ ಅಂಡಾಕಾರವಾಗಿದೆಯೆಂದು.

ಬ್ಲಾಕ್ ಬಂದ ದಿನವೇ ಅಳೆದೆವು. ನಾಲ್ಕೂ ಬೋರುಗಳು ಇರಬೇಕಾದುದಕ್ಕಿಂತ ಸುಮಾರು 0.03 ಮಿ.ಮೀ. ದೊಡ್ಡವು, ಮೂರನೆಯದು ಇನ್ನೂ ದೊಡ್ಡದು! ನಮ್ಮ ಅಣ್ಣನಿಗೆ ಸಿಟ್ಟು ತಡೆಯಲಾಗಲಿಲ್ಲ. ಯಜಮಾನರಿಗೆ ಫೋನ್ ಮಾಡಿ, ಆಡಬಾರದ ಮಾತನ್ನೂ ಒಂದೆರಡು ಆಡಿಬಿಟ್ಟ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಬ್ಲಾಕ್ ಬಿಸಿ ಇತ್ತೇನು ಸ್ವಾಮಿ?”

ಬಿಸಿಯೇ ಇತ್ತು. ಕುದಿನೀರಿನಲ್ಲಿ ತೊಳೆದು, ಒರೆಸಿದ ಕೂಡಲೇ ಅಳೆದಿದ್ದೆವು. ಎರಕದ ಕಬ್ಬಿಣ ಕಾಯ್ದಾಗ ಹಿಗ್ಗುತ್ತದೆ. 68 ಮಿ.ಮೀ. ಬೋರು ಪ್ರತಿ ಹತ್ತು ಡಿಗ್ರಿ ಉಷ್ಣತೆಗೆ ಏಳೆಂಟು ಮೈಕ್ರಾನ್‌ನಷ್ಟು, ಅಂದರೆ ಮಿಲಿಮೀಟರಿನ ಸಾವಿರದ ಏಳೆಂಟು ಭಾಗದಷ್ಟು ಬೆಳೆಯುತ್ತದೆ. ಮೂವತ್ತು ಡಿಗ್ರಿಗೆ 0.02ನ್ನು ದಾಟುತ್ತದೆ. ಮಾಪನ ಪ್ರಯೋಗಾಲಯಗಳಲ್ಲಿ 20 ಡಿಗ್ರಿ ಸೆಲ್ಷಿಯಸ್ಸನ್ನು ಕಾಯ್ದುಕೊಳ್ಳುವುದು ಇದಕ್ಕಾಗಿಯೇ. ಮೂರನೆಯ ಬೋರಿನಲ್ಲಿ ಗೇಜನ್ನು ಓರೆಯಾಗಿ ಹಿಡಿದದ್ದು ಇನ್ನೊಂದು ತಪ್ಪು. ಗೇಜನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ತೂಗಿದಾಗ ಮುಳ್ಳು ಹಿಂದಿರುಗುವ ಅತ್ಯಂತ ಕಡಿಮೆ ಅಂಕಿಯೇ ನಿಜವಾದ ಅಳತೆ. ರಾತ್ರಿಯೆಲ್ಲ ತಣಿಯಲು ಬಿಟ್ಟು ಬೆಳಗ್ಗೆ ನೋಡಿದೆವು: ನಾಲ್ಕೂ ಬೋರುಗಳು ಸರಿಯಾಗಿದ್ದವು. ಅಣ್ಣನೇ ಪೀಣ್ಯಕ್ಕೆ ಹೋಗಿ ಕ್ಷಮೆ ಕೇಳಿ ಬಂದ.

ಮರುದಿನ ಕ್ರ್ಯಾಂಕ್ ಅಳೆಯುವಾಗ ನಿಜವಾದ ದೋಷ ಕಂಡಿತು. ಮೂರು ಪಿನ್ನುಗಳು ಒಂದೇ ಸಮ, ನಾಲ್ಕನೆಯದು 0.03 ಮಿ.ಮೀ. ಸಣ್ಣದು. ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ. ಒಂದು ತಲೆಗೂದಲಿನ ಅರ್ಧದಷ್ಟೂ ಇಲ್ಲ. ಆದರೆ ಪಿನ್ನಿಗೂ ಬೇರಿಂಗಿಗೂ ನಡುವೆ ಎಣ್ಣೆಯ ಪದರಕ್ಕೆಂದು ಬಿಡುವ ಸಂದಿಯೇ ಮಿಲಿಮೀಟರಿನ ಕೆಲವು ನೂರನೆಯ ಭಾಗಗಳಷ್ಟು. ಅದು ಇಷ್ಟು ಹಿಗ್ಗಿದರೆ ಎಣ್ಣೆ ಅಲ್ಲಿಂದಲೇ ಸೋರಿ ಒತ್ತಡ ಇಳಿಯುತ್ತದೆ. ಸ್ವಲ್ಪ ದಿನಗಳಲ್ಲಿ ಕನೆಕ್ಟಿಂಗ್ ರಾಡ್ ಬಡಿಯಲು ತೊಡಗುತ್ತದೆ. ಹಾಗೆಯೇ ಕೂಡಿಸಿದ್ದರೆ ತಾಯಿಯವರೊಡನೆ ನಡುದಾರಿಯಲ್ಲಿ ನಿಲ್ಲಬೇಕಾಗುತ್ತಿತ್ತು.

ಆದರೆ ಯಾವ ಮುಖ ಹೊತ್ತು ಮತ್ತೆ ಹೇಳುವುದು? ಮುಂಚಿನ ದಿನವಷ್ಟೇ ಕ್ಷಮೆ ಕೇಳಿದ್ದೆವು. ಮೈಕ್ರೋಮೀಟರಿನ ಸೊನ್ನೆಯನ್ನು ಅದರ ಸ್ಟ್ಯಾಂಡರ್ಡ್ ರಾಡಿನಿಂದ ಪರೀಕ್ಷಿಸಿದೆವು. ಮೂರು ದಿನ ಬೆಳಗಿನ ತಂಪಿನಲ್ಲಿ, ಒಬ್ಬರ ಅಂಕಿ ಇನ್ನೊಬ್ಬರಿಗೆ ತಿಳಿಯದಂತೆ ಬೇರೆ ಬೇರೆಯಾಗಿ ಅಳೆದು ಬರೆದಿಟ್ಟೆವು. ಅಂಕಿ ಬದಲಾಗಲಿಲ್ಲ. ಕ್ರ್ಯಾಂಕನ್ನೂ ಆ ಚೀಟಿಯನ್ನೂ ಯಜಮಾನರ ಮುಂದಿಟ್ಟು ಸುಮ್ಮನೆ ನಿಂತೆವು. ಅವರು ತಮ್ಮ ಮೈಕ್ರೋಮೀಟರಿನಿಂದ ಎರಡು ಬಾರಿ ಅಳೆದರು. “ಹುಡುಗನ ಕೈಗೆ ಬಿಟ್ಟು ಊಟಕ್ಕೆ ಹೋಗಿದ್ದೆ. ನಾನು ನೋಡಬೇಕಾಗಿತ್ತು,” ಎಂದರು. ಬೇರಿಂಗುಗಳು ಜೊತೆಯಾಗಿಯೇ ದೊರೆಯುವುದರಿಂದ ನಾಲ್ಕೂ ಪಿನ್ನುಗಳನ್ನು ಮುಂದಿನ ಅಂಡರ್‌ಸೈಜಿಗೆ ತಾವೇ ನಿಂತು ಗ್ರೈಂಡ್ ಮಾಡಿಕೊಟ್ಟರು, ಕೂಲಿ ತೆಗೆದುಕೊಳ್ಳಲಿಲ್ಲ. ಬೇರಿಂಗಿನ ಹಣವನ್ನಾದರೂ ನಾವೇ ಕೊಡುತ್ತೇವೆಂದು ಹಟ ಹಿಡಿದೆವು.

ಹೊರಡುವಾಗ ಅವರೇ ಇನ್ನೊಂದು ಮಾತು ಹೇಳಿದರು: “ಅಳತೆ ಸರಿಯಿದ್ದ ಎಂಜಿನ್ನನ್ನೂ ಸಾಣೆಯ ಪುಡಿ ಕೊಂದುಬಿಡುತ್ತದೆ.” ಮನೆಗೆ ಬಂದು ಕ್ರ್ಯಾಂಕಿನೊಳಗೆ ಎಣ್ಣೆ ಹರಿಯುವ ರಂಧ್ರಗಳಿಗೆ ಸಣ್ಣ ಬ್ರಷ್ ತೂರಿಸಿ ಎಳೆದಾಗ ಬೂದುಬಣ್ಣದ ಮೆತ್ತನೆಯ ಕೆಸರು ಬಂದಿತು. ಬೋರುಗಳನ್ನು ಸೀಮೆಎಣ್ಣೆಯಿಂದ ಒರೆಸಿದರೆ ಸಾಲದು. ಹೋನಿಂಗ್ ಕಲ್ಲಿನ ಪುಡಿ ಗೀರುಗಳಲ್ಲಿ ಕುಳಿತಿರುತ್ತದೆ. ಸಾಬೂನು ಹಾಕಿದ ಬಿಸಿನೀರಿನಲ್ಲಿ ಉಜ್ಜಿ, ಬಿಳಿಯ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಬೆಳ್ಳಗೆ ಉಳಿಯುವವರೆಗೆ ಮತ್ತೆ ಉಜ್ಜಬೇಕು. ನಮಗೆ ಆರು ಬಾರಿ ಬೇಕಾಯಿತು. ತಾಯಿಯವರ ಹಳೆಯ ಪಂಚೆಯೊಂದು ಇದಕ್ಕೇ ಮುಗಿಯಿತು. ತೊಳೆದು ಒಣಗಿಸಿದ ಕೂಡಲೇ ಎಣ್ಣೆ ಸವರದಿದ್ದರೆ ಹೊಸ ಬೋರು ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ.

ಉಳಿದವುಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ರಿಂಗನ್ನು ಬೋರಿನೊಳಗಿಟ್ಟು ಪಿಸ್ಟನ್ನಿನ ತಲೆಯಿಂದ ನೇರವಾಗಿ ಒಳತಳ್ಳಿ, ತುದಿಗಳ ನಡುವಣ ಸಂದಿಯನ್ನು ಫೀಲರ್ ಗೇಜಿನಿಂದ ನೋಡಿದೆವು. ಹೆಡ್ಡಿನ ಮೇಲೆ ನೇರಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು 0.05 ಮಿ.ಮೀ. ತೆಳುಹಾಳೆ ತೂರದೆಂಬುದನ್ನು ಖಚಿತಪಡಿಸಿಕೊಂಡೆವು. ವಾಲ್ವುಗಳನ್ನು ಜೋಡಿಸಿದ ಹೆಡ್ಡನ್ನು ಬೋರಲು ಮಾಡಿ ಸೀಮೆಎಣ್ಣೆ ಸುರಿದೆವು. ಒಂದು ವಾಲ್ವಿನ ಬಳಿ ತೇವ ಕಂಡಿತು, ಮತ್ತೆ ಉಜ್ಜಿ ಕೂಡಿಸಿದೆವು.

ಎಂಜಿನ್ ಹೊರಟಿತು. ಹೊಸ ರಿಂಗುಗಳು ಕೂಡಿಕೊಳ್ಳುವವರೆಗೆ ನಿಧಾನವಾಗಿಯೇ ಓಡಿಸಬೇಕಾದುದರಿಂದ ತುಮಕೂರು ರಸ್ತೆಯಲ್ಲಿ ಲಾರಿಗಳೂ ನಮ್ಮನ್ನು ಹಿಂದೆ ಹಾಕಿ ಹೋದವು. ಮುಂದಿನ ಸೀಟಿನಲ್ಲಿದ್ದ ತಾಯಿಯವರು, “ನಿಮ್ಮ ತಂದೆಯವರೂ ಇಷ್ಟೇ ನಿಧಾನ,” ಎಂದಷ್ಟೇ ಹೇಳಿದರು. ತಿಪಟೂರಿನಿಂದ ಬಂದ ಮೇಲೆ ಎಣ್ಣೆಯನ್ನು ಇಳಿಸಿ ಬಿಳಿಯ ಬಟ್ಟೆಯಲ್ಲಿ ಸೋಸಿದೆವು. ನವಿರಾದ ಬೂದು ಹುಡಿಯೊಂದಿಷ್ಟು ಉಳಿದಿತ್ತು. ಬಟ್ಟೆಯನ್ನು ಮಡಿಚಿ ಪೀಣ್ಯಕ್ಕೆ ಕೊಂಡೊಯ್ದು ತೋರಿಸಿದಾಗ ಯಜಮಾನರು ಅದನ್ನು ಬೆರಳಿನಿಂದ ತಿಕ್ಕಿ ನೋಡಿ, “ಇದು ಹೊಸ ರಿಂಗಿನದು, ಚಿಂತೆಯಿಲ್ಲ,” ಎಂದು ಮರಳಿ ಕೊಟ್ಟರು.