ಮೌಂಟ್ ವಾಷಿಂಗ್ಟನ್: ಗಾಳಿಯ ಬೆಟ್ಟದಲ್ಲಿ ಚಳಿಗಾಲದ ಒಂದು ಹಗಲು

ಬೆಟ್ಟದ ಕಾಠಿಣ್ಯವನ್ನು ಅದರ ಎತ್ತರದಿಂದ ಅಳೆಯುವುದು ಸಾಮಾನ್ಯ ರೂಢಿ. ಈ ಅಳತೆ ಎಷ್ಟು ಅಪೂರ್ಣವೆಂಬುದಕ್ಕೆ ಅಮೆರಿಕದ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವ ಮೌಂಟ್ ವಾಷಿಂಗ್ಟನ್ ಒಂದು ನಿದರ್ಶನ. ಅದರ ಎತ್ತರ 1,917 ಮೀಟರ್. ಮಹಾರಾಷ್ಟ್ರದ ಕಳಸೂಬಾಯಿಗಿಂತ (1,646 ಮೀಟರ್) ಅದು ಎತ್ತರ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗಿಂತ (ಸುಮಾರು 1,930 ಮೀಟರ್) ತುಸು ತಗ್ಗು. ಮುಳ್ಳಯ್ಯನಗಿರಿಗೆ ಶಾಲೆಯ ಮಕ್ಕಳೂ ಹತ್ತಿ ಸಂಜೆಗೆ ಮರಳುತ್ತಾರೆ. ಮೌಂಟ್ ವಾಷಿಂಗ್ಟನ್ ಮತ್ತು ಅದರ ನೆರೆಯ ಶಿಖರಗಳಲ್ಲಾದರೋ 1849ರಿಂದ ಈಚೆಗೆ ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ನೀಗಿದ್ದಾರೆ. ಅವಘಡಗಳು ನಾನಾ ಬಗೆಯವು. ಅವುಗಳ ಹಿಂದೆ ಮತ್ತೆ ಮತ್ತೆ ಕಾಣುವುದು ಅಲ್ಲಿಯ ಹವೆ, ಅದರಲ್ಲಿಯೂ ಗಾಳಿ.

ಆ ಪರ್ವತಶ್ರೇಣಿಯು ಪಶ್ಚಿಮದಿಂದ ಬೀಸುವ ಮಾರುತಗಳಿಗೆ ಅಡ್ಡಗೋಡೆಯಂತೆ ಉತ್ತರ ದಕ್ಷಿಣವಾಗಿ ಚಾಚಿಕೊಂಡಿದೆ. ಉತ್ತರ ಅಮೆರಿಕದ ಬಿರುಗಾಳಿಗಳ ಹಲವು ಹಾದಿಗಳು ಅದರ ಸಮೀಪದಲ್ಲಿಯೇ ಕೂಡುತ್ತವೆ. ಇಳಿಜಾರನ್ನು ಏರಿ ಬರುವ ಗಾಳಿ ಶಿಖರಕ್ಕೂ ಮೇಲಿನ ಸ್ಥಿರ ವಾಯುಪದರಕ್ಕೂ ನಡುವೆ ಇಕ್ಕಟ್ಟಿಗೆ ಸಿಲುಕಿ ವೇಗ ಪಡೆಯುತ್ತದೆ. ಹರವಾಗಿ ಹರಿಯುವ ಹಳ್ಳದ ನೀರು ಸೇತುವೆಯ ಕಿಂಡಿಯಲ್ಲಿ ರಭಸದಿಂದ ನುಗ್ಗುವಂತೆ. ಶಿಖರದ ಮೇಲೆ 1932ರಿಂದ ಹವಾಮಾನ ವೀಕ್ಷಣಾಲಯವೊಂದು ನಡೆಯುತ್ತಿದೆ. 1934ರ ಏಪ್ರಿಲ್ 12ರಂದು ಅಲ್ಲಿಯ ಸಿಬ್ಬಂದಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿಯನ್ನು ಅಳೆದರು. 1996ರಲ್ಲಿ ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ ಚಂಡಮಾರುತವೊಂದು 408 ಕಿಲೋಮೀಟರ್ ವೇಗದಲ್ಲಿ ಬೀಸುವವರೆಗೆ ಅದೇ ಜಗತ್ತಿನ ದಾಖಲೆಯಾಗಿತ್ತು. ವರ್ಷದಲ್ಲಿ ಸರಾಸರಿ 110 ದಿನ ಆ ಶಿಖರದಲ್ಲಿ ಚಂಡಮಾರುತದ ವೇಗದ ಗಾಳಿ ಇರುತ್ತದೆ.

ಚಳಿಗಾಲದ ಆರೋಹಿಗಳು ಸಾಮಾನ್ಯವಾಗಿ ಪೂರ್ವದ ಪಿಂಕಮ್ ನಾಚ್ ಕಣಿವೆಯಿಂದ ನಸುಕಿನಲ್ಲಿಯೇ ಹೊರಡುತ್ತಾರೆ. ಹೋಗಿ ಬರುವ ದಾರಿ ಸುಮಾರು 13 ಕಿಲೋಮೀಟರ್. ಏರಬೇಕಾದ ಎತ್ತರ ಸುಮಾರು 1,300 ಮೀಟರ್. ಮೊದಲ ಭಾಗ ದಟ್ಟವಾದ ಕಾಡು. ಅಲ್ಲಿ ಎಲೆಯೂ ಅಲುಗದಷ್ಟು ಶಾಂತಿ ಇರಬಹುದು. ಆದರೆ ಈ ಶಾಂತಿ ನಂಬಲರ್ಹವಲ್ಲ. ಪಶ್ಚಿಮದ ಗಾಳಿಗೆ ಬೆಟ್ಟವೇ ಮರೆಯಾಗಿ ನಿಂತಿರುವುದರಿಂದ, ಶಿಖರದ ಸ್ಥಿತಿ ಕಣಿವೆಯಲ್ಲಿ ನಿಂತವನಿಗೆ ತಿಳಿಯುವುದಿಲ್ಲ.

ಕಾಡಿನ ಏರಿನಲ್ಲಿ ಚಳಿಗಿಂತ ಬೆವರು ದೊಡ್ಡ ಶತ್ರು. ನೆನೆದ ಹತ್ತಿಬಟ್ಟೆ ನೀರನ್ನು ಹಿಡಿದಿಟ್ಟುಕೊಂಡು ಮೈಯ ಕಾವನ್ನು ಹೀರುತ್ತದೆ. ಉಣ್ಣೆ ತೇವಗೊಂಡರೂ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ. ಜತ್ತ, ಅಕ್ಕಲಕೋಟೆ ಸೀಮೆಯ ಕುರಿಗಾಹಿಗಳು ಸುರಿಯುವ ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಲ್ಲುವುದರ ಹಿಂದೆಯೂ ಇದೇ ತಿಳಿವಳಿಕೆ ಇದೆ. ಆದ್ದರಿಂದ ಅನುಭವಿಗಳು ತುಸು ಚಳಿಯೆನಿಸುವಷ್ಟೇ ಉಡುಪಿನಲ್ಲಿ ನಿಧಾನವಾಗಿ ಏರುತ್ತಾರೆ. ನಿಂತಾಗ ಮಾತ್ರ ಮೇಲುಡುಪು ತೊಡುತ್ತಾರೆ.

ಸುಮಾರು 1,400 ಮೀಟರ್ ಎತ್ತರದಲ್ಲಿ ಮರಗಳು ಕುಳ್ಳಾಗಿ, ಬಾಗಿ, ಕಡೆಗೆ ಇಲ್ಲವಾಗುತ್ತವೆ. ಅದಕ್ಕೂ ಮೊದಲೇ ಬೂಟುಗಳಿಗೆ ಮುಳ್ಳಿನ ಕ್ರ್ಯಾಂಪನ್, ಕಣ್ಣಿಗೆ ಕನ್ನಡಕ, ಮುಖಕ್ಕೆ ಮುಸುಕು, ಕೈಗೆ ಐಸ್ ಆ್ಯಕ್ಸ್ ಬಂದಿರಬೇಕು. ಆಚೆಗೆ ಕೈಗವಸು ಕಳಚಿ ಗಂಟು ಬಿಗಿಯಲು ಸಾಧ್ಯವಾಗದು. ಮರಗಳ ಅಂಚು ದಾಟಿದೊಡನೆ ಗಾಳಿ ಮುಖಕ್ಕೆ ಹೊಡೆಯುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ನೂಕುಬಲ ನಾಲ್ಮಡಿಯಾಗುತ್ತದೆ. ಜನವರಿಯಲ್ಲಿ ಶಿಖರದ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 15 ಡಿಗ್ರಿ ಸೆಲ್ಸಿಯಸ್ ಕೆಳಗೆ. ಗಾಳಿಯ ಸರಾಸರಿ ವೇಗ ಗಂಟೆಗೆ 70 ಕಿಲೋಮೀಟರಿನಷ್ಟು. ಮೈಯ ಸುತ್ತಲಿನ ಬೆಚ್ಚನೆಯ ಪದರವನ್ನು ಗಾಳಿ ಕ್ಷಣಕ್ಷಣವೂ ಕಿತ್ತೊಯ್ಯುವುದರಿಂದ, ಆ ಚಳಿ ಚರ್ಮಕ್ಕೆ ಸೊನ್ನೆಗಿಂತ 30 ಡಿಗ್ರಿ ಕೆಳಗಿನದಾಗಿ ತಾಗುತ್ತದೆ. ತೆರೆದ ಕೆನ್ನೆ, ಮೂಗುಗಳು ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಲ್ಲವು.

ಇಲ್ಲಿ ಭಾಷೆಯ ಮಾತೊಂದು ಗಮನಾರ್ಹ. ಕನ್ನಡದ ‘ಮಂಜು’ ಕವಿಯುವ ಮಂಜಿಗೂ ಬೀಳುವ ಹಿಮಕ್ಕೂ ಸಲ್ಲುತ್ತದೆ. ಮರಾಠಿಯು ಕವಿಯುವುದನ್ನು ‘ಧುಕೆ’ ಎಂದು ಬೇರ್ಪಡಿಸುತ್ತದೆ. ಆದರೆ ಬೀಳುವ ಹಿಮವನ್ನೂ ಗಟ್ಟಿಯಾದ ಗಡ್ಡೆಯನ್ನೂ ಒಂದೇ ‘ಬರ್ಫ’ದಲ್ಲಿ ಸೇರಿಸುತ್ತದೆ. ಆ ಬೆಟ್ಟದಲ್ಲಿ ಇವು ಮೂರೂ ಬೇರೆ ಬೇರೆ ಅಪಾಯಗಳು. ಮಂಜು ಕವಿದರೆ ದಾರಿ ತೋರುವ ಮುಂದಿನ ಕಲ್ಲುಗುಪ್ಪೆ ಕಾಣದು. ಗಾಳಿ ಹೊತ್ತು ತಂದ ಹಿಮ ಪೂರ್ವದ ಕಮರಿಗಳಲ್ಲಿ ರಾಶಿಯಾಗಿ ಕುಸಿಯಬಲ್ಲದು. ಮಂಜುಗಡ್ಡೆಯ ಮೇಲೆ ಜಾರಿದ ಕಾಲು ತಾನಾಗಿ ನಿಲ್ಲದು. ಅತಿಶೀತ ಮಂಜಿನ ಹನಿಗಳು ಬಂಡೆಗೆ ತಾಗಿದೊಡನೆ ಹೆಪ್ಪುಗಟ್ಟಿ, ಗಾಳಿ ಬರುವ ದಿಕ್ಕಿಗೇ ಬಿಳಿಯ ಗರಿಗಳಂತೆ ಬೆಳೆಯುವುದೂ ಉಂಟು. ಎಲ್ಲವನ್ನೂ ‘ಮಂಜು’ ಎಂದು ಅನುವಾದಿಸಿದರೆ ಓದುಗನಿಗೆ ಬೆಟ್ಟ ಕಾಣುವುದಿಲ್ಲ.

ಇಂಥ ಏರಿನಲ್ಲಿ ಮುಖ್ಯವಾದ ಕೌಶಲ ಹಿಂದಿರುಗುವುದು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಸುಮಾರು ಒಂಬತ್ತು ಗಂಟೆ. ಸಂಜೆ ನಾಲ್ಕು ದಾಟುತ್ತಲೇ ಸೂರ್ಯಾಸ್ತ. ಆದುದರಿಂದ ಆರೋಹಿಗಳು ವೀಕ್ಷಣಾಲಯದ ಮುನ್ಸೂಚನೆ ನೋಡಿ, ಮರಳುವ ಗಳಿಗೆಯನ್ನು ಕೆಳಗಿರುವಾಗಲೇ ಗೊತ್ತುಪಡಿಸುತ್ತಾರೆ. ಶಿಖರ ಎದುರಿಗೇ ಕಂಡರೂ ಆ ಗಳಿಗೆ ಬಂದರೆ ಇಳಿಯತಕ್ಕದ್ದು. ಈ ನಿಯಮವನ್ನು ಮೇಲೆ ಹೋದ ನಂತರ ಮಾಡಲಾಗದು. ಮೈ ತಣ್ಣಗಾದಂತೆ ವಿವೇಚನೆಯೂ ಮಂಕಾಗುತ್ತದೆ, ಮಂಕಾದದ್ದು ತನಗೇ ತಿಳಿಯುವುದಿಲ್ಲ.

1855ರ ಸೆಪ್ಟೆಂಬರಿನಲ್ಲಿ, ಚಳಿಗಾಲ ಇನ್ನೂ ಕಾಲಿಡದ ದಿನಗಳಲ್ಲಿ, ಲಿಝಿ ಬೋರ್ನ್ ಎಂಬ ತರುಣಿ ಬಂಧುಗಳಿಬ್ಬರೊಡನೆ ಮಧ್ಯಾಹ್ನ ಹೊರಟಳು. ಗಾಳಿ ಎದ್ದಿತು, ಮಂಜು ಕವಿಯಿತು, ಕತ್ತಲಾಯಿತು. ಮುಂದೆ ಹೆಜ್ಜೆಯಿಡಲಾರದೆ ಅವರು ಕಲ್ಲುಗಳನ್ನು ಒಟ್ಟಿ ಮರೆ ಮಾಡಿಕೊಂಡರು. ಆ ರಾತ್ರಿ ಅವಳು ತೀರಿಕೊಂಡಳು. ಬೆಳಗಾದಾಗ ಉಳಿದವರಿಗೆ ಶಿಖರದ ವಸತಿಗೃಹ ಸ್ವಲ್ಪವೇ ದೂರದಲ್ಲಿ ಕಾಣಿಸಿತು. ಇನ್ನಷ್ಟು ನಡೆದಿದ್ದರೆ ಉಳಿಯುತ್ತಿದ್ದಳು ಎಂದು ಹೇಳುವುದು ಸುಲಭ. ಆದರೆ ಅಂದಿನ ಮಂಜಿನಲ್ಲಿ ಆ ದೂರವನ್ನು ಅಳೆಯುವ ಕಣ್ಣು ಯಾರಿಗೂ ಇರಲಿಲ್ಲ. ಹಗಲಿರುವಾಗಲೇ ಮರಳುವ ದಾರಿ ಮಾತ್ರ ಇತ್ತು. ಶಿಖರವೆಂಬುದು ಪಯಣದ ಕೊನೆಯಲ್ಲ, ಅರ್ಧದಾರಿ. ಹಗಲಿನ ಚಾರಣ ಮುಗಿಯುವುದು ಹೊರಟ ಕಣಿವೆಗೆ ಕಾಲಿಟ್ಟಾಗಲೇ.